ಇವರು ಮಾತಾಡುತ್ತಿದ್ದ ಹೊಳೆ

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಟೆರೇಸಿನ ಮೇಲೆ ಮೀನು ಹಿಡಿಯಬಾರದು ಎಂದು ಒಂದು ಠರಾವು ಇದೆ. ಕೇಳಿದವರು ನಗುತ್ತಾರೆ. ನಗಲಿ. ಆ ಠರಾವಿಗೆ ಕಾರಣ ನನ್ನ ಗಂಡ. ಬೇಸಿಗೆ ಹತ್ತಿರ ಬಂತೆಂದರೆ ಇವರು ಭಾನುವಾರ ಬೆಳಿಗ್ಗೆ ಉದ್ದದ ಗಾಳದ ಕೋಲು ಹಿಡಿದು ಟೆರೇಸಿಗೆ ಹತ್ತುತ್ತಿದ್ದರು. ದಾರದ ತುದಿಗೆ ಕೊಕ್ಕೆಯ ಬದಲು ಒಂದು ಚೂರು ಕೆಂಪು ಉಲ್ಲನ್ ಕಟ್ಟಿ, ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಬೀಸಿ, ನೀರಿನ ಟ್ಯಾಂಕಿನ ಪಕ್ಕ ಇಟ್ಟ ಪ್ಲಾಸ್ಟಿಕ್ ಬುಟ್ಟಿಯೊಳಗೆ ಅದು ಸದ್ದಿಲ್ಲದೆ ಬೀಳುವಂತೆ ಎಸೆಯುವುದು. ಬಿದ್ದರೆ ಮುಖದಲ್ಲಿ ಏನೂ ಇಲ್ಲ. ಬೀಳದಿದ್ದರೂ ಏನೂ ಇಲ್ಲ. ಒಂದು ಸಲ ಮೂರನೇ ಮಾಳಿಗೆಯ ಮರಾಠಿ ಹೆಂಗಸು ಹಳೆಯ ಸೀರೆ ಹಾಸಿ ಹಪ್ಪಳ ಒಣಗಿಸಿದ್ದಳು. ಇವರ ದಾರ ಸೀರೆಯ ಅಂಚಿಗೆ ಸಿಕ್ಕಿತು, ಇವರು ಎಳೆದರು, ಹಪ್ಪಳಗಳೆಲ್ಲ ಪಕ್ಕದ ಕಟ್ಟಡದ ಕಂಪೌಂಡಿಗೆ ಹಾರಿದವು.

ಸೆಕ್ರೆಟರಿ ಮೀಟಿಂಗ್ ಕರೆದರು. ಇವರು ಕೈಕಟ್ಟಿ ಕುಳಿತರು, ಒಂದಕ್ಷರ ಆಡಲಿಲ್ಲ. ಇವರ ಪರವಾಗಿ ಜಗಳ ಆಡಿದ್ದು ನಾನು, ಸೋತದ್ದೂ ನಾನೇ.

ನಮ್ಮಿಬ್ಬರದೂ ಉಡುಪಿ ಕಡೆ, ಮನೆಯಲ್ಲಿ ತುಳು. ಇವರು ಬೇಲಾಪುರದ ಒಂದು ಕಂಪನಿಯ ಅಕೌಂಟ್ಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮದುವೆಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ ಇವರ ಮೌನ ನೋಡಿ ನಾನು ಏನೋ ತಪ್ಪು ಮಾಡಿದ್ದೇನೆ ಎಂದು ಹೆದರಿದ್ದೆ. ಆಮೇಲೆ ಅತ್ತೆಯೇ ಸಮಾಧಾನ ಹೇಳಿದರು: "ಹೆದರ್ಬೇಡ ಮಗಾ, ಅವ ಹುಟ್ಟಿದಾಗ ಅತ್ತದ್ದೂ ಕಮ್ಮಿ." ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಆ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ಬಂಗಾರಕ್ಕೆ ಬರ ಇರಲಿಲ್ಲ. ಬೆಳ್ಳಿಯ ವ್ಯಾಪಾರ ಪೂರ್ತಿ ನನ್ನದು. ಬೆಳಿಗ್ಗೆ ಹಾಲಿನವನಿಂದ ಹಿಡಿದು ರಾತ್ರಿ ಬಾಗಿಲಿಗೆ ಚಿಲಕ ಹಾಕುವವರೆಗೆ ನಾನು ವಟವಟ. ಇವರು "ಹ್ಞೂಂ".

ಆದರೆ ನನಗೊಂದು ಸಂಶಯ ಇತ್ತು. ಇವರು ಎಲ್ಲ ಕಡೆ ಹೀಗಲ್ಲ, ನನ್ನ ಮುಂದೆ ಮಾತ್ರ ಹೀಗೆ ಎಂದು. ಸಂಶಯಕ್ಕೆ ಕಾರಣ ಆ ಟ್ರೌಟ್ ಪ್ರವಾಸ.

ಇವರ ಗುಂಪಿನಲ್ಲಿ ಇವರನ್ನು ಬಿಟ್ಟು ಮೂವರು. ಬದ್ಲಾಪುರದ ಆಚೆ ಹೊಳೆಯ ಬದಿಯಲ್ಲಿ ಭಾನುವಾರ ಗಾಳ ಹಾಕಿ ಕೂರುತ್ತಿದ್ದಾಗ ಪರಿಚಯವಾದವರು. ಒಬ್ಬರು ಕಲ್ಯಾಣದ ಬಟ್ಟೆ ಅಂಗಡಿಯ ಸಾವ್ಕಾರರು, ಗದಗದ ಕಡೆಯವರು, ಮೊಟ್ಟೆಯನ್ನೂ ಮುಟ್ಟದ ಮನುಷ್ಯ. ಮೀನು ತಿನ್ನದವರಿಗೆ ಮೀನು ಹಿಡಿಯುವ ಚಪಲ ಯಾಕೆ ಎಂದು ನಾನು ಕೇಳಿದರೆ, "ಅಂಗಡ್ಯಾಗ ದಿನಾ ಗಿರಾಕಿ ಜೋಡಿ ಬಾಯಿ ಬಡಕೊಂಡು ಸಾಕಾಗೇದರಿ ವೈನಿ" ಎನ್ನುತ್ತಿದ್ದರು. ಇನ್ನೊಬ್ಬರು ಠಾಣೆಯ ಮರಾಠಿಯವರು, ಬ್ಯಾಂಕಿನಿಂದ ನಿವೃತ್ತರು, ಅವರನ್ನು ನಾನು ಭಾವೋಜಿ ಎನ್ನುತ್ತೇನೆ. ಮೂರನೆಯವನು ಐರೋಲಿಯ ಇಂಜಿನಿಯರ್, ನಮ್ಮ ಮಂಗಳೂರು ಕಡೆಯವನೇ, ಆದರೆ ಇಲ್ಲೇ ಹುಟ್ಟಿದ್ದು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾನೆ. ಮದುವೆಯಾಗಿ ತಲೆ ನರೆಯುತ್ತ ಬಂದರೂ ನನ್ನನ್ನು ಆಂಟಿ ಎನ್ನುವುದು ಬಿಟ್ಟಿಲ್ಲ. ಈ ನಾಲ್ವರೂ ವರ್ಷಕ್ಕೊಮ್ಮೆ ಕಲ್ಯಾಣದಲ್ಲಿ ದೆಹಲಿಯ ಗಾಡಿ ಹತ್ತಿ, ಅಲ್ಲಿಂದ ಬಸ್ಸಿನಲ್ಲಿ ಹಿಮಾಚಲದ ಒಂದು ಕಣಿವೆಗೆ ಹೋಗುತ್ತಿದ್ದರು. ಅಲ್ಲಿಯ ಹೊಳೆಯಲ್ಲಿ ಟ್ರೌಟ್ ಎಂಬ ಮೀನು ಇದೆ. ಎರೆಹುಳ ಹಾಕಿ ಅದನ್ನು ಹಿಡಿಯುವುದು ಇವರಿಗೆಲ್ಲ ಮರ್ಯಾದೆ ಅಲ್ಲವಂತೆ. ಗರಿ, ನೂಲು ಸುತ್ತಿ ನೊಣದಂತೆ ಮಾಡಿದ ಕೊಕ್ಕೆಯನ್ನು ನೀರಿನ ಮೇಲೆ ಇಳಿಸಿ ಅದನ್ನು ಮೋಸ ಮಾಡಬೇಕು.

ಆ ನೊಣಗಳನ್ನು ಇವರು ನಮ್ಮ ಊಟದ ಮೇಜಿನ ಮೇಲೆ ಕಟ್ಟುತ್ತಿದ್ದರು. ನೂಲು ನನ್ನ ಹೊಲಿಗೆ ಡಬ್ಬಿಯದು. ಗರಿ ಸ್ಟೇಷನ್ ಬದಿಯ ಕೋಳಿ ಅಂಗಡಿಯದು, ಕೆಂಪು ಹುಂಜದ ಕುತ್ತಿಗೆಯದೇ ಆಗಬೇಕು. "ಗರಿ ತಂದ್ರಿ, ಕೋಳಿ ಎಲ್ಲಿ?" ಎಂದು ನಾನು ಕೇಳುತ್ತಿದ್ದೆ. ಉತ್ತರ ಇಲ್ಲ. ಇಷ್ಟೆಲ್ಲ ಮಾಡಿ ಹೋಗಿ ಬಂದ ಮೇಲೆ "ಎಷ್ಟು ಸಿಕ್ಕಿತು?" ಎಂದರೆ "ಸಿಗಲಿಲ್ಲ". ಕಡಲ ಬದಿಯಲ್ಲಿ ಹುಟ್ಟಿ ಬೆಳೆದ ನನಗೆ ಇದಕ್ಕಿಂತ ಅವಮಾನ ಬೇರೆ ಬೇಕೇ? ಗುಡ್ಡ ಹತ್ತಿ ಬರಿಗೈಯಲ್ಲಿ ಬರುವುದಕ್ಕಿಂತ ಡೊಂಬಿವಲಿ ಮಾರ್ಕೆಟ್ಟಿಗೆ ಹೋಗಿದ್ದರೆ ನಾಲ್ಕು ಬಂಗುಡೆಯಾದರೂ ಸಿಗುತ್ತಿತ್ತು ಎಂದು ಸಾಕಷ್ಟು ಹಂಗಿಸಿದ್ದೇನೆ.

ಸಂಶಯ ಬಂದದ್ದು ಮೀನಿನಿಂದಲ್ಲ. ಪ್ರತಿ ಸಲ ಇವರು ಮನೆಗೆ ಬರುವಾಗ ಸ್ವರ ಬಿದ್ದುಹೋಗಿರುತ್ತಿತ್ತು. ಗಂಟಲು ಪೂರ್ತಿ ಕಟ್ಟಿ ಬರೀ ಗಾಳಿ ಬರುತ್ತಿತ್ತು. ಇಡೀ ವರ್ಷ ಬಾಯಿ ಬಿಡದ ಮನುಷ್ಯನ ಗಂಟಲು ಒಂದು ವಾರದಲ್ಲಿ ಹೀಗೆ ಹೇಗೆ ಕೆಡುತ್ತದೆ? ಹಗಲಿಡೀ ಮಾತಾಡಿರಬೇಕು, ಹಾಡಿರಬೇಕು, ಗೆಳೆಯರೊಡನೆ ಕಿರುಚಾಡಿ ನಕ್ಕಿರಬೇಕು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದುಕೊಂಡು ಬಿಸಿನೀರಿಗೆ ಉಪ್ಪು ಹಾಕಿ ಕೊಡುತ್ತಿದ್ದೆ. ನನಗೆ ಆ ಮೂವರ ಮೇಲೆ ಹೊಟ್ಟೆಕಿಚ್ಚು ಇತ್ತು. ಸವತಿಯಾದರೆ ಜುಟ್ಟು ಹಿಡಿದು ಕೇಳಬಹುದು, ಈ ಗೆಳೆಯರನ್ನು ಏನೆಂದು ಕೇಳುವುದು?

ಇವರು ಹೋದದ್ದು ಒಂದು ಸಾಧಾರಣ ಬೆಳಿಗ್ಗೆ. ಹಾಲ್‌ನಲ್ಲಿ ಕುರ್ಚಿಯ ಮೇಲೆ ಪೇಪರ್ ಹಿಡಿದು ಕುಳಿತಿದ್ದರು. ನಾನು ಅಡುಗೆಮನೆಯಿಂದ ಮಾತಾಡುತ್ತಿದ್ದೆ. ಟ್ಯಾಂಕ್ ತೊಳೆಯಲು ಬರುತ್ತಾರೆ, ನೀರು ತುಂಬಿಸಿ ಇಡಬೇಕು, ಲಿಫ್ಟ್ ಮತ್ತೆ ಕೆಟ್ಟಿದೆ, ಮಗಳ ಅತ್ತೆಗೆ ಮಂಡಿನೋವಂತೆ. ಉತ್ತರ ಬರಲಿಲ್ಲ. ಉತ್ತರ ಬಾರದಿರುವುದು ನಮ್ಮಲ್ಲಿ ದಿನದ ಸಂಗತಿ. ಚಹಾ ತಂದು ಮುಂದೆ ಇಟ್ಟಾಗ ಗೊತ್ತಾಯಿತು. ಅಷ್ಟು ಹೊತ್ತಿನಲ್ಲಿ ಎಷ್ಟು ಮಾತನ್ನು ನಾನು ಇಲ್ಲದವರಿಗೆ ಹೇಳಿದೆನೋ ತಿಳಿಯದು. ಡಾಕ್ಟರರ ಹತ್ತಿರ ಯಾವಾಗ ಆಗಿರಬಹುದು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಆಮೇಲಿನ ತಿಂಗಳುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮಗಳು ಕಾಮೋಠೆಯಲ್ಲಿ, ಅವಳ ಸಂಸಾರ ಅವಳಿಗೆ. ವಾರಕ್ಕೊಮ್ಮೆ ಬರುತ್ತಾಳೆ. ಉಳಿದ ದಿನ ನಾನು ಮತ್ತು ಟಿವಿ. ಮನೆಯಲ್ಲಿ ಮೊದಲೂ ಒಂದೇ ಸ್ವರ ಇದ್ದದ್ದು, ಈಗಲೂ ಒಂದೇ ಸ್ವರ. ಹಾಗಾದರೆ ಏನು ಕಡಿಮೆಯಾಯಿತು ಎಂದು ಕೇಳಿದರೆ ನನಗೆ ಹೇಳಲು ಬರುತ್ತಿರಲಿಲ್ಲ. ಒಂಟಿತನ ಎಂದರೆ ಮನೆಯಲ್ಲಿ ಸದ್ದು ಇಲ್ಲದಿರುವುದು ಎಂದುಕೊಂಡಿದ್ದೆ. ಅದಲ್ಲ ಎಂಬುದು ಮಾತ್ರ ತಿಳಿಯಿತು.

ಬೇಸಿಗೆಯ ಹೊತ್ತಿಗೆ ಕಲ್ಯಾಣದ ಸಾವ್ಕಾರರು ಮನೆಗೆ ಬಂದರು. ಈ ವರ್ಷವೂ ಹೋಗುತ್ತಿದ್ದೇವೆ, ಅಣ್ಣಾರ ಕೋಲು, ಎಂದರೆ ಇವರದು, ಕೊಟ್ಟರೆ ಅದನ್ನೂ ಒಯ್ದು ಅವರ ಹೆಸರಲ್ಲಿ ಒಮ್ಮೆ ಹೊಳೆಗೆ ಹಾಕಿ ತರುತ್ತೇವೆ ಎಂದರು. ನಾನು ಚಹಾ ಸೋಸುತ್ತಿದ್ದೆ. ಬಾಯಿಂದ ತಾನಾಗಿ ಬಂತು: "ಕೋಲು ಒಂದೇ ಯಾಕೆ, ನಾನೂ ಬರ್ತೇನೆ."

"ವೈನಿ, ಅಲ್ಲಿ ಥಂಡಿ ಭಾಳ ಇರ್ತದರಿ. ನೀರಿನ್ಯಾಗ ನಿಂದರಬೇಕಾಗ್ತದ."

"ನಿಲ್ತೇನೆ. ನಾನೇನು ಉಪ್ಪಿನ ಗೊಂಬೆಯಾ ಕರಗ್ಲಿಕ್ಕೆ?"

ಮಗಳಿಗೆ ಫೋನು ಮಾಡಿ ಹೇಳಿದರೆ ಅವಳು ಮರಾಠಿಯಲ್ಲೇ ಕಿರುಚಿದಳು. "ಅಮ್ಮಾ, ತೂ ವೇಡೀ ಝಾಲೀಸ್ ಕಾ?" ಹುಚ್ಚು ಹಿಡಿದಿದೆಯಾ ಎಂದು. ಹಿಡಿದಿರಲಿಲ್ಲ. ನನ್ನ ಲೆಕ್ಕ ಸರಳವಾಗಿತ್ತು. ಇವರು ಒಂದು ಜೀವಮಾನದಲ್ಲಿ ಆಡಿದ ಮಾತೆಲ್ಲ ಆ ಮೂವರ ಹತ್ತಿರ ಇದೆ. ಅದರಲ್ಲಿ ನನಗೂ ಪಾಲು ಇದೆ. ನನ್ನ ಬಗ್ಗೆಯೂ ಏನಾದರೂ ಹೇಳಿರಬೇಕು, ಒಳ್ಳೆಯದೋ ಕೆಟ್ಟದ್ದೋ. ಅದನ್ನು ಕೇಳಿ ತಿಳಿದುಕೊಳ್ಳದೆ ಸಾಯಬಾರದು.

ಗಾಡಿಯಲ್ಲಿ ನಾನು ಕಾದೆ. ಸಾವ್ಕಾರರ ಮನೆಯ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಭಾವೋಜಿ ಕಿಟಕಿಯಿಂದ ಹೊರಗೆ ನೋಡಿದರು. ಇಂಜಿನಿಯರ್ ಫೋನಿನಲ್ಲಿ ಮುಳುಗಿದ. ಇವರ ಸುದ್ದಿ ಯಾರೂ ಎತ್ತಲಿಲ್ಲ. ಗಂಡ ತೀರಿದ ಹೆಂಗಸಿನ ಮುಂದೆ ಸಂಕೋಚ ಇರಬಹುದು, ಹೊಳೆ ಮುಟ್ಟಲಿ, ಬಾಯಿ ಬಿಡುತ್ತಾರೆ ಎಂದುಕೊಂಡೆ. ಒಮ್ಮೆ ಮಾತ್ರ ಸಾವ್ಕಾರರು ನನ್ನತ್ತ ನೋಡಿ ಏನೋ ಕೇಳಲು ಬಾಯಿ ತೆರೆದು, "ಚಹಾ ಕುಡೀತೀರೇನ್ರಿ?" ಎಂದು ಮುಗಿಸಿದರು.

ಹೊಳೆ ಮುಟ್ಟಿದ ಮೊದಲ ದಿನವೇ ನನ್ನ ಅಂದಾಜು ತಲೆಕೆಳಗಾಯಿತು. ನಾನು ನೆನೆಸಿದ್ದು ನಾಲ್ವರು ಗಂಡಸರು ಸಾಲಾಗಿ ಕೂತು, ಚಕ್ಕುಲಿ ತಿಂದು, ಹರಟೆ ಹೊಡೆದು ಗಾಳ ಹಾಕುತ್ತಿದ್ದರು ಎಂದು. ಅದು ಹಾಗಲ್ಲವೇ ಅಲ್ಲ. ಬೆಳಿಗ್ಗೆ ಒಟ್ಟಿಗೆ ಇಳಿಯುತ್ತಾರೆ, ನೀರಿನ ಬದಿಗೆ ಬಂದ ಕೂಡಲೇ ಬೇರೆಬೇರೆಯಾಗುತ್ತಾರೆ. ಒಬ್ಬರ ನೆರಳು ಇನ್ನೊಬ್ಬರ ನೀರಿನ ಮೇಲೆ ಬೀಳಬಾರದು, ಮೀನು ಹೆದರುತ್ತದೆ. ಒಬ್ಬರು ಮೇಲಿನ ತಿರುವಿಗೆ, ಒಬ್ಬರು ಕೆಳಗಿನ ಬಂಡೆಗೆ. ಸಂಜೆಯವರೆಗೆ ಯಾರಿಗೆ ಯಾರೂ ಇಲ್ಲ. ಗುಂಪು ಎಂದು ಹೆಸರು ಅಷ್ಟೇ.

ಇವರ ಜಾಗವನ್ನು ನನಗೆ ಕೊಟ್ಟರು. ತಿರುವು ದಾಟಿದ ಮೇಲೆ ಒಂದು ಚಪ್ಪಟೆ ಕಲ್ಲು, ಅದರ ಮುಂದೆ ಮೊಣಕಾಲುದ್ದ ನೀರು. ಇಂಜಿನಿಯರ್ ಪಕ್ಕದಲ್ಲಿ ನಿಂತು ಬೀಸುವುದು ಕಲಿಸಿದ. "ಆಂಟಿ, ಕಲಾಯಿ ಮತ್ ಮೋಡಿಯೇ." ಮಣಿಕಟ್ಟು ಬಗ್ಗಿಸಬಾರದು, ತೋಳಿನಿಂದ ಬೀಸಬೇಕು, ಹಿಂದೆ ಹೋದ ದಾರ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಬೇಕು, ಆಮೇಲೆ ಮುಂದೆ. ನನಗೆ ಕಾಯುವುದೇ ಬರುವುದಿಲ್ಲ. ದಾರ ನನ್ನದೇ ಟೋಪಿಗೆ ಸಿಕ್ಕಿತು. ಅವನು ಬಿಡಿಸಿಕೊಟ್ಟು ತನ್ನ ಜಾಗಕ್ಕೆ ಹೋದ.

ಆಮೇಲೆ ನಾನೊಬ್ಬಳೇ. ನೀರಿನ ಸದ್ದು ಎಷ್ಟೆಂದರೆ ಗಟ್ಟಿಯಾಗಿ "ರಾಮ ರಾಮ" ಎಂದರೂ ನನಗೇ ಕೇಳಿಸಲಿಲ್ಲ. ರಬ್ಬರ್ ಬೂಟಿನ ಹೊರಗಿಂದ ತಂಪು ಮೂಳೆಗೆ ಇಳಿಯಿತು. ಇಲ್ಲಿ ಯಾರ ಜೊತೆ ಮಾತಾಡಿದರು ಇವರು? ಎಷ್ಟೋ ವರ್ಷ ಈ ಕಲ್ಲಿನ ಮುಂದೆ ಬಂದು ಒಬ್ಬರೇ ನಿಂತಿದ್ದರೇ? ಸಂಜೆ ಕೋಣೆಯಲ್ಲಿ ಮಾತಾಡಿರಬಹುದು ಎಂದು ಮನಸ್ಸಿಗೆ ಹೇಳಿಕೊಂಡೆ. ಸಂಜೆಯಾದರೆ ಆ ಮೂವರೂ ದಣಿದು, ಅನ್ನ ದಾಲ್ ತಿಂದು, ಕಂಬಳಿ ಹೊದ್ದು ಮಲಗಿದರು. ಮರುದಿನವೂ ಅದೇ. ನನಗೆ ಅಳು ಬಂತು, ಸಿಟ್ಟೂ ಬಂತು.

ಕೊನೆಯ ದಿನದ ಹಿಂದಿನ ದಿನ ನನ್ನ ದಾರ ಬಿಗಿಯಿತು. ಕಲಿಸಿದ್ದೆಲ್ಲ ಮರೆತೆ. ರೀಲು ಗೀಲು ಮುಟ್ಟದೆ, ಕೋಲನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಹಿಂದೆ ಹಿಂದೆ ನಡೆದು ದಡಕ್ಕೆ ಬಂದೆ. ಮೀನೂ ಬಂತು. ಮೈತುಂಬ ಚುಕ್ಕಿ, ಮೊಳಕ್ಕೆ ಸ್ವಲ್ಪ ಕಡಿಮೆ, ಜಲ್ಲಿಕಲ್ಲಿನ ಮೇಲೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಆಚೆ ಸಾವ್ಕಾರರು ಎರಡೂ ಕೈ ಎತ್ತಿ ಏನೋ ಕೂಗುತ್ತ ಓಡಿ ಬರುತ್ತಿದ್ದುದು ಕಂಡಿತು. ಮೆಚ್ಚಿ ಕೂಗುತ್ತಿದ್ದಾರೆ ಎಂದುಕೊಂಡೆ. ಮೀನಿನ ಕಿವಿರಿಗೆ ಹೆಬ್ಬೆರಳು ತೂರಿಸಿ, ತಲೆಯನ್ನು ಕಲ್ಲಿಗೆ ಒಮ್ಮೆ ಬಡಿದೆ. ನನ್ನ ಅಮ್ಮ ಮಾಡುತ್ತಿದ್ದದ್ದು, ಅಜ್ಜಿ ಮಾಡುತ್ತಿದ್ದದ್ದು. ಅದಕ್ಕೆ ಯೋಚನೆ ಬೇಡ.

ಸಾವ್ಕಾರರು ಬಂದು ನಿಂತರು. ಮುಖ ಬಿಳಿಚಿಕೊಂಡಿತ್ತು. "ಏನ್ ಮಾಡಿದ್ರಿ ವೈನಿ... ನಾವು ಕೊಲ್ಲೂದಿಲ್ಲರಿ. ಹಿಡದು ನೀರಿಗೆ ಬಿಟ್ಟ ಬಿಡ್ತೀವಿ."

"ಹಿಡಿದು ಬಿಡುವುದಾದರೆ ಹಿಡಿಯುವುದು ಎಂತ ಸಾವಿಗೆ?"

"ಅಣ್ಣಾರೂ ಹಂಗ ಬಿಡ್ತಿದ್ರು. ನಮ್ಮೆಲ್ಲಾರಿಗಿಂತ ಅವರಿಗೇ ಜಾಸ್ತಿ ಸಿಗ್ತಿತ್ತು."

ಅಂದರೆ "ಸಿಗಲಿಲ್ಲ" ಎಂದದ್ದು ಸುಳ್ಳು. ಬಿಟ್ಟುಬಂದೆ ಎಂದರೆ ನಾನು ಮನೆ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದೆ, ಅದು ಇವರಿಗೆ ಗೊತ್ತಿತ್ತು. ಇಷ್ಟು ಚಿಕ್ಕ ವಿಷಯವನ್ನೇ ನನ್ನಿಂದ ಮುಚ್ಚಿಟ್ಟವರು ಇನ್ನೂ ಏನೇನು ಈ ಜನರ ಹತ್ತಿರ ಹೇಳಿದ್ದಾರೋ ಎಂದು ಹೊಟ್ಟೆ ಉರಿಯಿತು.

ಸತ್ತ ಮೀನನ್ನು ಎಸೆಯಲು ನಾನು ಒಪ್ಪಲಿಲ್ಲ. ಒಂದೆರಡು ಇಟ್ಟುಕೊಳ್ಳಲು ಪರವಾನಗಿ ಇತ್ತು, ಬಿಡುವುದು ಈ ಗುಂಪಿನ ಪದ್ಧತಿ ಮಾತ್ರ. ಮೆಣಸು, ಹುಣಸೆ ಅರೆದ ಮಸಾಲೆಯನ್ನು ನಾನು ಮನೆಯಿಂದಲೇ ಡಬ್ಬದಲ್ಲಿ ತಂದಿದ್ದೆ. ಮೀನಿಗೆ ಹೋಗುವವಳು ಮಸಾಲೆ ಬಿಟ್ಟು ಹೋಗುತ್ತಾಳೆಯೇ? ಉಳಿದುಕೊಂಡ ಮನೆಯ ಅಡುಗೆಕೋಣೆಯಲ್ಲಿ ತೊಳೆದು, ಗೀರಿ, ಹುರಿದು ಸಂಜೆಯೂಟಕ್ಕೆ ಮುಂದಿಟ್ಟೆ. ಸಾವ್ಕಾರರು ತಟ್ಟೆ ಎತ್ತಿಕೊಂಡು ದೂರ ಕುಳಿತರು. ಭಾವೋಜಿ ಮರ್ಯಾದೆಗೆ ಒಂದು ತುಂಡು ತಿಂದರು. ಇಂಜಿನಿಯರ್ ಬೇಡವೆಂದ. ನಾನು ತಿಂದೆ. ರುಚಿ ಬಂಗುಡೆಯ ಹತ್ತಿರಕ್ಕೂ ಇಲ್ಲ.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಕೈ ಎಂಜಲಿರುವಾಗಲೇ ಕೇಳಿದೆ. "ಇವರು ಇಲ್ಲಿ ಎಂತ ಮಾತಾಡ್ತಿದ್ರು ಹೇಳಿ. ನಾನು ಮೀನಿಗೆ ಬಂದದ್ದಲ್ಲ. ಅದನ್ನು ಕೇಳ್ಲಿಕ್ಕೇ ಬಂದದ್ದು."

ಸಾವ್ಕಾರರು ಭಾವೋಜಿಯನ್ನು ನೋಡಿದರು. ಭಾವೋಜಿ ತಟ್ಟೆ ನೋಡಿದರು. ಇಂಜಿನಿಯರ್ ಮೆಲ್ಲಗೆ ಹೇಳಿದ: "ಅಂಕಲ್ ತೋ ಬೋಲ್ತೇ ಹೀ ನಹೀ ಥೇ, ಆಂಟಿ." ಇವರು ಮಾತೇ ಆಡುತ್ತಿರಲಿಲ್ಲ ಎಂದು.

"ತಮಾಷೆ ಬೇಡ. ಮನೆಗೆ ಬರುವಾಗ ಮಾತಾಡಿ ಮಾತಾಡಿ ಗಂಟಲು ಬಿದ್ದಿರ್ತಿತ್ತು" ಎಂದೆ. ಹೇಳುವಾಗ ನನ್ನದೇ ಸ್ವರ ಕೇಳಿಸಿತು. ಎರಡು ದಿನದಿಂದ ಕಟ್ಟುತ್ತ ಬಂದದ್ದು ಅಂದು ಪೂರ್ತಿ ಒಡೆದಿತ್ತು. ಮೀನಿನ ವಿಷಯಕ್ಕೆ ಸಾವ್ಕಾರರ ಹತ್ತಿರ ಆಡಿದ ಒಂದು ಮಾತು ಬಿಟ್ಟರೆ ನಾನು ಇಡೀ ದಿನ ಯಾರೊಡನೆಯೂ ಮಾತಾಡಿರಲಿಲ್ಲ. ಥಂಡಿ ನೀರಿನಲ್ಲಿ ನಿಂತಿದ್ದೆ, ಅಷ್ಟೇ.

ಸಾವ್ಕಾರರು ತಟ್ಟೆ ಬದಿಗಿಟ್ಟು ಹತ್ತಿರ ಬಂದು ಕುಳಿತರು. "ಖರೇ ಹೇಳ್ತೀನ್ರಿ ವೈನಿ. ಅಣ್ಣಾರು ನಮ್ಮ ಜೋಡಿ ಮಾತಾಡಿದ್ದು ಭಾಳ ಕಡಿಮಿ. ಮಾತೆಲ್ಲಾ ಮನಿಗೆ ಇಟಗೊಂಡಾರ ಅಂತ ನಾವು ತಿಳಕೊಂಡಿದ್ವಿ. ನೀವು ಬರ್ತೀನಿ ಅಂದಾಗ ನಮಗ ಸಂತೋಷ ಆಗಿತ್ತು. ಅವರು ಹೆಂಗಿದ್ರು, ಮನ್ಯಾಗ ಏನ್ ಮಾತಾಡ್ತಿದ್ರು, ನಿಮ್ಮ ಕಡಿಂದ ಕೇಳಬೇಕಂತ ಮಾಡಿದ್ವಿ. ಗಾಡ್ಯಾಗ ಕೇಳಾಕ ಹೋಗಿ ಬಿಟ್ಟೆ."

ಭಾವೋಜಿ ತಮ್ಮ ಮರಾಠಿ ಬೆರೆತ ಹಿಂದಿಯಲ್ಲಿ ಸೇರಿಸಿದರು. ಊಟಕ್ಕೆ ಮೊದಲು ಇವರು ದಿನವೂ ಈ ಮನೆಯ ಹಿಂದಿನ ದಿಬ್ಬ ಹತ್ತುತ್ತಿದ್ದರಂತೆ, ಫೋನಿನ ಸಿಗ್ನಲ್ ಅಲ್ಲಿ ಮಾತ್ರ ಸಿಗುವುದು. ಇಳಿಯುತ್ತಲೇ ಇರಲಿಲ್ಲವಂತೆ. ಗಾಳಿ, ಥಂಡಿ, ಕೆಲವೊಮ್ಮೆ ಮಳೆ, ಆದರೂ ಫೋನು ಕಿವಿಗೆ ಹಿಡಿದು ನಿಂತೇ ಇರುತ್ತಿದ್ದರು. ನಾವು ಕಾದು ಕಾದು ಊಟ ಮುಗಿಸುತ್ತಿದ್ದೆವು, ಹೆಂಡತಿಯ ಹತ್ತಿರ ಎಷ್ಟು ಮಾತಪ್ಪಾ ಈ ಮನುಷ್ಯನಿಗೆ ಎಂದು ಚೇಷ್ಟೆ ಮಾಡುತ್ತಿದ್ದೆವು ಎಂದರು.

ಫೋನು ಬರುತ್ತಿತ್ತು, ನಿಜ. "ಊಟ ಆಯ್ತಾ?" ಎಂದು ಕೇಳುತ್ತಿದ್ದರು. ಅಲ್ಲಿಗೆ ಇವರ ಪಾಲು ಮುಗಿಯಿತು. ಆಮೇಲೆ ನಾನು. ನೀರು ಬಾರದ್ದು, ಕೆಳಗಿನ ಮನೆಯವರು ಸ್ಕೂಟರ್ ಅಡ್ಡ ಇಟ್ಟದ್ದು, ಬಂಗುಡೆಯ ರೇಟು, ಮಗಳು ಕೊಟ್ಟ ಎದುರುತ್ತರ. ಮಂಚದ ಮೇಲೆ ಮಲಗಿ ಕೇಳುತ್ತಿದ್ದಾರೆ ಎಂದುಕೊಂಡಿದ್ದೆ. ಎಲ್ಲಿ ನಿಂತಿದ್ದೀರಿ ಎಂದು ಒಮ್ಮೆಯೂ ಕೇಳಲಿಲ್ಲ. "ಸಾಕು, ಇಡ್ತೇನೆ" ಎನ್ನುತ್ತಿದ್ದವಳೂ ನಾನೇ. ಇವರು ಮೊದಲು ಇಟ್ಟದ್ದು ನನಗೆ ನೆನಪಿಲ್ಲ.

"ಮಾತಾಡ್ತಿದ್ದದ್ದು ನಾನು" ಎಂದೆ. "ಅವರು ಕೇಳ್ತಿದ್ರು."

ಆ ಮೂವರಿಗೂ ಏನೋ ಕಳೆದುಹೋದ ಹಾಗಿತ್ತು. ನನ್ನಿಂದ ಒಂದು ಕಥೆ ಸಿಕ್ಕೀತು ಎಂದು ಅವರು ಕಾದಿದ್ದರು, ಅವರಿಂದ ಸಿಕ್ಕೀತು ಎಂದು ನಾನು. ಯಾರ ಹತ್ತಿರವೂ ಇರಲಿಲ್ಲ. ನಾನು ಅತ್ತುಬಿಟ್ಟೆ, ಎಂಜಲು ಕೈಯಲ್ಲೇ, ಪರಗಂಡಸರ ಮುಂದೆ, ಬಿದ್ದುಹೋದ ಸ್ವರದಲ್ಲಿ. ಇವರು ನನ್ನಿಂದ ಬಚ್ಚಿಟ್ಟ ಇನ್ನೊಬ್ಬ ಮನುಷ್ಯ ಇರಲೇ ಇಲ್ಲ. ನನಗೆ ಸಿಕ್ಕಿದ್ದೇ ಪೂರ್ತಿ ಮನುಷ್ಯ. ಅದು ಇಷ್ಟು ತಡವಾಗಿ ತಿಳಿದದ್ದಕ್ಕೆ ಅಳು ಬಂತು.

ಮರುದಿನ ಸಂಜೆ ನಾನು ಆ ದಿಬ್ಬ ಹತ್ತಿದೆ. ಮೇಲೆ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಕೂರಲು ಒಂದು ಕಲ್ಲೂ ಇಲ್ಲ. ಮಗಳಿಗೆ ಫೋನು ಮಾಡಿದೆ. ಹೇಳಲು ಬೇಕಾದಷ್ಟಿತ್ತು. ನಿನ್ನ ಅಪ್ಪ ಇಲ್ಲಿ ನಿಲ್ಲುತ್ತಿದ್ದರು ಎಂದು ಶುರುಮಾಡುವಷ್ಟರಲ್ಲಿ ಅತ್ತ ಕುಕ್ಕರ್ ಕೂಗಿತು, ಮೊಮ್ಮಗು ಅತ್ತಿತು. "ಅಮ್ಮಾ, ನಂತರ್ ಬೋಲೂಯಾ?" ಆಮೇಲೆ ಮಾತಾಡೋಣವೇ ಎಂದಳು. ಅವಳ ತಪ್ಪಿಲ್ಲ. ಆ ಹೊತ್ತಿನಲ್ಲಿ ಯಾವ ಮನೆಯಲ್ಲೂ ಪುರುಸೊತ್ತು ಇರುವುದಿಲ್ಲ. ಆಯ್ತು ಎಂದೆ, ಅವಳು ಇಟ್ಟಳು.

ಫೋನಿನಲ್ಲಿ ಉಳಿದ ಹೆಸರುಗಳನ್ನು ಒಂದೊಂದಾಗಿ ಮೇಲೆ ಸರಿಸಿದೆ. ಹೆಸರಿಗೇನೂ ಕಡಿಮೆ ಇಲ್ಲ. ತಮ್ಮಂದಿರು, ನಾದಿನಿ, ಸೊಸೈಟಿಯ ಹೆಂಗಸರು, ಭಜನೆಯವರು. ಕರೆದರೆ ಎಲ್ಲರೂ ಮಾತಾಡುತ್ತಾರೆ, ನನಗಿಂತ ಹೆಚ್ಚೇ ಮಾತಾಡುತ್ತಾರೆ. ಚಳಿಯಲ್ಲಿ ಇಂಥ ದಿಬ್ಬದ ಮೇಲೆ ನಿಂತು ನನ್ನ ಮಾತು ಮುಗಿಯುವವರೆಗೆ ಕೇಳುವವರು ಅದರಲ್ಲಿ ಒಬ್ಬರೂ ಇರಲಿಲ್ಲ.